ಶುಗರ್ ಇದ್ದವರ ರಕ್ತ ಹೆಪ್ಪುಗಟ್ಟುವುದು ಜಾಸ್ತಿ

ಸಂಪಾದಕರೇ,

ಶುಗರ್ ಇದ್ದವರಿಗೆ ರಕ್ತ ಹೆಪ್ಪುಗಟ್ಟುವುದಿಲ್ಲ, ಅದಕ್ಕೇ ಗಾಯ ಮಾಯುವುದಿಲ್ಲ ಎಂಬ ಮಾತು ಇನ್ನೂ ಓಡಾಡುತ್ತಿದೆ. ವಿಷಯ ಉಲ್ಟಾ. ಗಾಯ ಮಾಯದಿರುವುದು ಕಾಲಿಗೆ ರಕ್ತ ಸರಿಯಾಗಿ ಹರಿಯದೆ, ಸೋಂಕು ಬೇಗ ತಗುಲಿ. ಹೆಪ್ಪು ಜಾಸ್ತಿಯೇ ಕಟ್ಟುತ್ತದೆ. ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಹೆಪ್ಪು ಕಟ್ಟಿಸುವ ರಕ್ತಕಣಗಳಾದ ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳುತ್ತವೆ, ಹೆಪ್ಪಿಗೆ ಬಲೆಯಾಗುವ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಹೆಚ್ಚುತ್ತದೆ, ಕಟ್ಟಿದ ಹೆಪ್ಪು ಕರಗದಂತೆ ಅಡ್ಡಗಾಲು ಹಾಕುವ ಪಿಎಐ-1 ಎಂಬ ಪ್ರೋಟೀನೂ ಏರುತ್ತದೆ. ಇವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಸುಮಾರು ಎರಡು ಪಟ್ಟು ಇರುವುದು ಸುಮ್ನೆ ಅಲ್ಲ. ಹೃದಯಾಘಾತವಾದರೂ ನರಗಳು ಮಂಕಾಗಿರುವುದರಿಂದ ಎದೆನೋವೇ ಬರದೆ, ಬರೀ ಬೆವರು, ಸುಸ್ತು, ಏದುಸಿರು ಬಂದಾಗ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಮಲಗುವವರಿದ್ದಾರೆ. ಇದು ನಿಜಕ್ಕೂ ಸಂಕಟದ ಸಂಗತಿ.

ಹಾಗಂತ ಮೆಡಿಕಲ್ ಶಾಪಿನಿಂದ ಹೆಪ್ಪು ತಡೆಯುವ ಆಸ್ಪಿರಿನ್ ತಂದು ದಿನಾ ನುಂಗಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವ ಆದೀತು. ಡಾಕ್ಟರ್ ಹೇಳಿದರೆ ಮಾತ್ರ.

ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ಹೃದಯಾಘಾತವಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತ. ಆದರೆ ಎದೆನೋವಿಲ್ಲದ ಶುಗರ್ ರೋಗಿಗೆ ಇಸಿಜಿ ಮಾಡಿಸಬೇಕು ಅಂತ ಮನೆಯವರಿಗೆ ಹೊಳೆಯಬೇಕಲ್ವಾ? ಆರೋಗ್ಯ ಇಲಾಖೆ ಆಶಾ ಕಾರ್ಯಕರ್ತೆಯರ ಮೂಲಕ ಇದನ್ನು ಮನೆಮನೆಗೆ ಹೇಳಿಸಲಿ.

– ಓದುಗ, ಹಾಸನ