ಮಳೆಗಾಲದಲ್ಲಿ ಹಾಳಾದ 8 ಜೇನು ಕುಟುಂಬಗಳ ಬಗ್ಗೆ ದೂರು

ಶಿರಸಿ ತಾಲ್ಲೂಕು
25 ಸೆಪ್ಟೆಂಬರ್ 2024

ಗೆ,
ವ್ಯವಸ್ಥಾಪಕರು,
ಜೇನು ಕುಟುಂಬ ಮಾರಾಟ ವಿಭಾಗ

ವಿಷಯ: ಮೇ 20ರಂದು ನೀವು ಕೊಟ್ಟ 10 ತುಡುವೆ ಜೇನಿನ ಪೆಟ್ಟಿಗೆಗಳಲ್ಲಿ 8 ಖಾಲಿಯಾಗಿರುವುದು

ಮಾನ್ಯರೇ,

ಫೋನಿನಲ್ಲಿ ಮೂರು ಸಲ ಹೇಳಿ ಆಯ್ತು. ಮೂರು ಸಲವೂ ನಿಮ್ಮ ಹುಡುಗನದ್ದು ಒಂದೇ ಉತ್ತರ: "ಮಳೆಗಾಲ ಅಲ್ವಾ ಸಾರ್, ಹುಳ ಸಾಯೋದು ಮಾಮೂಲು." ಅದಕ್ಕೇ ಈಗ ಬರೆದು ಕಳಿಸುತ್ತಿದ್ದೇನೆ.

ಮಲೆನಾಡಿನ ಜೇನಿಗೆ ಮಳೆಗಾಲ ಎಂಥ ಕಷ್ಟ ಅಂತ ನನಗೂ ಗೊತ್ತು. ಅಮೆರಿಕದಲ್ಲಿರುವ ಅಕ್ಕನ ಮಗ ಅಲ್ಲಿ ಚಳಿಗಾಲದಲ್ಲಿ ಪೆಟ್ಟಿಗೆ ಖಾಲಿಯಾಗುತ್ತವೆ ಅನ್ನುತ್ತಾನೆ. ನಮಗೆ ಆರಿದ್ರೆಯಿಂದ ಆಶ್ಲೇಷದವರೆಗೆ ಅದೇ ಪಾಡು. ಹೂವಿಲ್ಲ, ಹುಳಕ್ಕೆ ಹೊರಗೆ ಹೋಗಲು ಬಿಡುವಿಲ್ಲ. ಒಂದು ಪಾಲು ಸಕ್ಕರೆಗೆ ಒಂದು ಪಾಲು ನೀರು ಹಾಕಿ, ನಾಲ್ಕೈದು ದಿನಕ್ಕೊಮ್ಮೆ ಸಂಜೆ ಪಾಕ ಇಟ್ಟಿದ್ದೇನೆ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟು ಇರುವೆ ತಡೆದಿದ್ದೇನೆ. ಅದೇ ತೋಟದಲ್ಲಿ ನನ್ನ ಹಳೆಯ 4 ಪೆಟ್ಟಿಗೆಗಳಿವೆ. ಅದೇ ಮಳೆ, ಅದೇ ಪಾಕ. ಆ ನಾಲ್ಕೂ ಉಳಿದವು. ನಿಮ್ಮ ಹತ್ತರಲ್ಲಿ ಉಳಿದದ್ದು ಎರಡು. ಇದು ಮಳೆಯ ತಪ್ಪಾ?

ಆರು ಎರಿ (ಹುಳ ಕಟ್ಟುವ ಮೇಣದ ತಟ್ಟೆ) ತುಂಬ ಹುಳ ಇರುತ್ತದೆ ಅಂದಿದ್ದಿರಿ. ಮರುದಿನ ತೆರೆದು ನೋಡಿದರೆ ಹೆಚ್ಚಿನವುಗಳಲ್ಲಿ ಇದ್ದದ್ದು ಮೂರೇ ಎರಿ. ಐದು ಪೆಟ್ಟಿಗೆಗಳಲ್ಲಿ ಒಂದು ಮೊಟ್ಟೆಯೂ ಇರಲಿಲ್ಲ. ಕೇಳಿದ್ದಕ್ಕೆ "ಹೊಸ ರಾಣಿ, ವಾರದಲ್ಲಿ ಇಡುತ್ತೆ" ಅಂದಿರಿ. ಅಂದರೆ ಮಾರಾಟಕ್ಕೋಸ್ಕರ ಮೇ ತಿಂಗಳಲ್ಲಿ ಒಂದು ಕುಟುಂಬವನ್ನು ಎರಡು ಪಾಲು ಮಾಡಿದ್ದೀರಿ. ಹೊಸ ರಾಣಿ ಹೊರಗೆ ಹಾರಿ, ಗಂಡುನೊಣಗಳ ಜೊತೆ ಕೂಡಿ ಬರಬೇಕು. ಆಮೇಲೆ ಇಟ್ಟ ಮೊಟ್ಟೆ ನೊಣವಾಗಲು ಸುಮಾರು ಮೂರು ವಾರ. ಅಷ್ಟರಲ್ಲಿ ಮಳೆ ಹಿಡಿದು ಹಳೆಯ ಹುಳ ಸಾಯುತ್ತಾ ಬರುತ್ತದೆ. ಜೇನು ಮಾರುವವರಿಗೆ ಇದನ್ನು ನಾನು ಹೇಳಿಕೊಡಬೇಕಾ?

ಜೂನ್ ಕೊನೆಗೆ ಆ ಐದರಲ್ಲೂ ಕಂಡದ್ದು ನಡುವೆ ಸಣ್ಣ ತೂತಿರುವ ಮುಚ್ಚಳಗಳು. ರಾಣಿ ಗಂಡಿನ ಜೊತೆ ಕೂಡದೆ ಮೊಟ್ಟೆ ಇಟ್ಟರೆ ಹುಟ್ಟುವುದು ಬರೀ ಗಂಡುನೊಣ. ದುಡಿಯುವ ಹುಳ ಹುಟ್ಟಲೇ ಇಲ್ಲ. ನಾಗರ ಪಂಚಮಿ ಹೊತ್ತಿಗೆ ಎರಿ ಕಾಯಲು ಹುಳವಿಲ್ಲದೆ ಐದರಲ್ಲೂ ಮೇಣದ ಹುಳು (ಎರಿ ತಿನ್ನುವ ಪತಂಗದ ಮರಿ) ಬಲೆ ಕಟ್ಟಿತ್ತು. ಇನ್ನೆರಡು ಕುಟುಂಬ ಆಗಸ್ಟ್‌ನಲ್ಲಿ ಬಿಸಿಲು ಬಿದ್ದ ದಿನ ಪೆಟ್ಟಿಗೆ ಬಿಟ್ಟು ಹೋದವು.

ಎಂಟನೆಯದ್ದು ನಿದ್ದೆ ಕೆಡಿಸಿದ್ದು. ಮರಿಹುಳಗಳು ಕಣದೊಳಗೇ ತಲೆ ಎತ್ತಿಕೊಂಡು ಸತ್ತಿದ್ದವು. ಚಿಮಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಬಂದವು. ಥಾಯ್ ಸ್ಯಾಕ್‌ಬ್ರೂಡ್. 1991-92ರಲ್ಲಿ ಕರ್ನಾಟಕದ ತುಡುವೆಯನ್ನು ಬಹುಪಾಲು ಮುಗಿಸಿದ ವೈರಸ್ ರೋಗ. ಆಗ ಅಪ್ಪನ ಪೆಟ್ಟಿಗೆಗಳೆಲ್ಲ ಒಂದೇ ವರ್ಷದಲ್ಲಿ ಖಾಲಿಯಾಗಿದ್ದವು. ಇದಕ್ಕೆ ಔಷಧಿ ಇಲ್ಲ. ಆ ಎರಿಗಳನ್ನು ಅದೇ ಸಂಜೆ ಸುಟ್ಟೆ. ನನ್ನ ನಾಲ್ಕಕ್ಕೆ ಇದುವರೆಗೆ ಅಂಟಿಲ್ಲ. ಆದರೂ ಪ್ರತಿ ಸಲ ಮುಚ್ಚಳ ತೆಗೆಯುವಾಗ ಎದೆ ಡವಡವ.

ಮುಚ್ಚಳ ಅಂದೆ ನೋಡಿ, ಅದೂ ಹಸಿ ಮರದ್ದು. ಜುಲೈನಲ್ಲೇ ಸೊಟ್ಟಗಾಗಿ ಒಳಗೆ ನೀರು ಸೋರಿತು.

ಬಿಲ್ಲಿನಲ್ಲಿ "6 ತಿಂಗಳು, ತಿಂಗಳಿಗೊಮ್ಮೆ ತಪಾಸಣೆ" ಅಂತ ಬರೆದಿದ್ದೀರಿ. ಬಂದದ್ದು ಒಂದೇ ಸಲ. ಬಂದವನು ಪೆಟ್ಟಿಗೆ ತೆರೆಯಲಿಲ್ಲ, ಫೋಟೋ ಹೊಡೆದುಕೊಂಡು ಚಾ ಕುಡಿದು ಹೋದ.

ಒಂದು ಕುಟುಂಬಕ್ಕೆ 2,500 ರೂಪಾಯಿಯಂತೆ ಎಂಟಕ್ಕೆ 20,000 ವಾಪಸ್ ಕೊಡಿ. ಇಲ್ಲವೇ ದೀಪಾವಳಿ ಕಳೆದ ಮೇಲೆ, ಮೊಟ್ಟೆ ಇಡುತ್ತಿರುವ ರಾಣಿಯಿರುವ 8 ಕುಟುಂಬ ಕೊಡಿ. ಈಗಲೇ ತರಬೇಡಿ. ಎರಿ ಒಂದೊಂದೂ ನಿಮ್ಮೆದುರೇ ನೋಡಿ ತೆಗೆದುಕೊಳ್ಳುತ್ತೇನೆ. ಹತ್ತು ಮುಚ್ಚಳಗಳನ್ನೂ ಬದಲಿಸಿ. ರೋಗದ ಕುಟುಂಬ ಯಾವ ತೋಟದಿಂದ ಬಂತು ಅಂತ ಪತ್ತೆ ಮಾಡಿ, ಅಲ್ಲಿಂದ ಕೊಂಡ ಬೇರೆಯವರಿಗೂ ತಿಳಿಸಿ. ನನ್ನ ದುಡ್ಡಿಗಿಂತ ಅದು ಮೊದಲು ಆಗಬೇಕು.

15 ದಿನದಲ್ಲಿ ಉತ್ತರ ಬರದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲಿನ ಪ್ರತಿ, ಫೋಟೋಗಳು ಜೊತೆಗಿವೆ. ಮೇಣದ ಹುಳು ತಿಂದ ಎರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ