ಕಾಲು ಮುರಿದವರ ಮನೆಯಿಂದ ಗ್ರೂಪಿಗೆ ಏನು ಬರೆಯಬೇಕು?

ಮಾನ್ಯ ಸಂಪಾದಕರೇ,

ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ಅಂಗಳ, ಹಿತ್ತಿಲು, ಬಚ್ಚಲ ದಾರಿ, ತೋಟದ ಸಂಕ ಎಲ್ಲವೂ ಪಾಚಿಗಟ್ಟುತ್ತವೆ. ಪಾದದ ಗಂಟು ಮುರಿದುಕೊಂಡು ಬರುವವರ ಸಾಲೂ ಉದ್ದವಾಗುತ್ತದೆ. ಅವರಲ್ಲಿ ಎಷ್ಟೋ ಜನರ ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುತ್ತಾರೆ. ಕಟ್ಟು ಹಾಕಿಸಿಕೊಂಡು ಬಂದ ಸಂಜೆ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಫೋಟೊ, ‘ಅಮ್ಮ ಆರಾಮಾಗಿದ್ದಾರೆ, ಯಾರೂ ಗಾಬರಿ ಆಗಬೇಡಿ’ ಎಂಬ ಒಂದು ಸಾಲು, ಅದರ ಕೆಳಗೆ ಕೈಮುಗಿದ ಚಿತ್ರಗಳು. ಅಲ್ಲಿಂದ ಮುಂದೆ ಆರು ವಾರದ ಆರೈಕೆ ಅರ್ಧ ಮನೆಯಲ್ಲಿ, ಅರ್ಧ ಮೊಬೈಲಿನಲ್ಲಿ ನಡೆಯುತ್ತದೆ. ಆ ಗ್ರೂಪಿಗೆ ಹೋಗುವ ಸುದ್ದಿ ಸರಿಯಿಲ್ಲದಿದ್ದರೆ ಅಲ್ಲಿಂದ ಬರುವ ಸಲಹೆಯೂ ಸರಿಯಿರುವುದಿಲ್ಲ. ಮುರಿತದ ನಂತರದ ವ್ಯಾಯಾಮ ಚಿಕಿತ್ಸೆಯಲ್ಲಿ ಇರುವವರಾಗಿ ಈ ಬಗ್ಗೆ ಒಂದಿಷ್ಟು ಬರೆಯುತ್ತಿದ್ದೇವೆ.

ಮೊದಲ ತಪ್ಪು ಆಸ್ಪತ್ರೆಗೆ ಹೋಗುವ ಮುಂಚೆಯೇ ಆಗುತ್ತದೆ. ಊದಿದ ಕಾಲಿನ ಫೋಟೊ ನೋಡಿ ‘ಉಳುಕಿರಬೇಕು, ಎಣ್ಣೆ ಹಚ್ಚಿ ನೀವಿ’ ಎಂದು ಯಾರೋ ತೀರ್ಪು ಕೊಟ್ಟುಬಿಡುತ್ತಾರೆ. ಊತ ಎಷ್ಟಿದೆ ಎಂಬುದರಿಂದ ಉಳುಕೋ ಮುರಿತವೋ ತಿಳಿಯುವುದಿಲ್ಲ. ಕೆನಡಾದ ಒಟ್ಟಾವಾದಲ್ಲಿ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮ ಇಂದಿಗೂ ಬಳಕೆಯಲ್ಲಿದೆ. ಪಾದದ ಗಂಟಿನ ಎರಡೂ ಬದಿಯ ಉಬ್ಬು ಮೂಳೆಗಳ ತುದಿಯನ್ನೂ, ಅಲ್ಲಿಂದ ಮೇಲಕ್ಕೆ 6 ಸೆಂ.ಮೀ.ವರೆಗಿನ ಹಿಂಬದಿಯ ಅಂಚನ್ನೂ ಒತ್ತಿ ನೋಡಬೇಕು. ಮೂಳೆಯ ಮೇಲೇ ನೋವಿದ್ದರೆ, ಇಲ್ಲವೇ ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕೇ ಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರಿಗೆ ಈ ಪರೀಕ್ಷೆಯನ್ನು ನಂಬಬೇಡಿ, ನೇರ ಎಕ್ಸ್‌ರೇ ಮಾಡಿಸಿ.

ಕಟ್ಟು ಹಾಕಿದ ಮೇಲೆ ನೋಡಬೇಕಾದದ್ದು ಕಟ್ಟನ್ನಲ್ಲ, ಅದರ ಹೊರಗೆ ಕಾಣುವ ಐದು ಬೆರಳುಗಳನ್ನು. ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ ಬಣ್ಣ ಸುಮಾರು 2 ಸೆಕೆಂಡಿನೊಳಗೆ ಮರಳಬೇಕು. ಬೆರಳುಗಳು ಇನ್ನೊಂದು ಕಾಲಿನಷ್ಟೇ ಬೆಚ್ಚಗಿರಬೇಕು, ಹತ್ತಿಯಿಂದ ಸವರಿದರೆ ಗೊತ್ತಾಗಬೇಕು, ಹೇಳಿದಾಗ ಮೇಲೆ ಕೆಳಗೆ ಆಡಬೇಕು. ಉಗುರಿಗೆ ಬಣ್ಣ, ಮೆಹಂದಿ ಇದ್ದರೆ ಬಣ್ಣ ತಿಳಿಯುವುದಿಲ್ಲ; ಪಾಲಿಶ್ ಮೊದಲ ದಿನವೇ ತೆಗೆದುಬಿಡಿ. ಫೋಟೊ ಕಳಿಸುವುದಾದರೆ ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಎರಡೂ ಪಾದ ಒಟ್ಟಿಗೆ ಕಾಣುವಂತೆ, ದಿನವೂ ಒಂದೇ ಜಾಗದಿಂದ ತೆಗೆಯಿರಿ. ಹಳದಿ ಬಲ್ಬಿನಡಿ ತೆಗೆದ ಒಂಟಿ ಪಾದದ ಚಿತ್ರದಿಂದ ಯಾವ ವೈದ್ಯರೂ ಏನೂ ಹೇಳಲಾರರು.

ಒಂದು ವಿಷಯಕ್ಕೆ ಮನೆಯವರು ಸುಮ್ಮನೆ ಹೆದರುತ್ತಾರೆ. ಕಾಲು ಇಳಿಬಿಟ್ಟ ಕೂಡಲೇ ಬೆರಳು ನೇರಳೆ ಬಣ್ಣಕ್ಕೆ ತಿರುಗಿ ಕಾಲು ಜುಮ್ಮೆಂದು ಮಿಡಿಯುತ್ತದೆ. ಮತ್ತೆ ಎತ್ತಿಟ್ಟ ಕೆಲವೇ ನಿಮಿಷಗಳಲ್ಲಿ ಅದು ಇಳಿದರೆ ಚಿಂತೆಯಿಲ್ಲ. ಎತ್ತಿಟ್ಟರೂ ಬೆರಳು ನೀಲಿಯಾಗಿಯೇ ಇದ್ದರೆ, ಬಿಳಿಚಿ ತಣ್ಣಗಾದರೆ, ಜೋಮು ಬಿಡದಿದ್ದರೆ, ಅದರಲ್ಲೂ ಮಾತ್ರೆ ನುಂಗಿದ ಮೇಲೂ ನೋವು ಏರುತ್ತಲೇ ಹೋಗಿ, ಬೇರೆಯವರು ಬೆರಳನ್ನು ಮೆಲ್ಲಗೆ ಚಾಚಿದರೂ ಕಿರುಚುವಂತಾದರೆ, ಕಾಲಿನ ಸ್ನಾಯುಗಳೊಳಗೆ ಒತ್ತಡ ಏರಿ ರಕ್ತ ಸಂಚಾರ ಕಡಿಯುತ್ತಿರಬಹುದು. ಇದು ಗಂಟೆಗಳ ಲೆಕ್ಕದ ಮಾತು. ಗ್ರೂಪಿನಲ್ಲಿ ಉತ್ತರಕ್ಕೆ ಕಾಯುವ ಹೊತ್ತಲ್ಲ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಹಠಾತ್ ಉಸಿರುಗಟ್ಟುವುದು, ಎದೆನೋವು, ಕೆಮ್ಮಿದಾಗ ರಕ್ತ ಬರುವುದು ಕಂಡರೆ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು. 108ಕ್ಕೆ ಕರೆ ಮಾಡಿ. ಇಂಥ ಎದೆನೋವಿಗೆ ಗ್ರೂಪಿನಲ್ಲಿ ಬರುವ ಮೊದಲ ಉತ್ತರ ‘ಗ್ಯಾಸ್ ಇರಬೇಕು, ಓಮದ ನೀರು ಕೊಡಿ’. ದಯವಿಟ್ಟು ಕೊಡುತ್ತಾ ಕೂರಬೇಡಿ.

ಮೊದಲ ಎರಡು ವಾರ ಊತ ಇಳಿಸುವುದೇ ದೊಡ್ಡ ಕೆಲಸ. ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲಿನ ಮೇಲಿಟ್ಟರೆ ಸಾಲದು. ಮಲಗಿ ಪಾದ ಎದೆಗಿಂತ ಮೇಲೆ ಬರುವಂತೆ ಎರಡು ಮೂರು ದಿಂಬು ಇಡಬೇಕು. ದಿಂಬು ಮೀನಖಂಡದ ಕೆಳಗಿರಲಿ, ಹಿಮ್ಮಡಿ ಗಾಳಿಯಲ್ಲಿ ತೇಲಲಿ. ಹಿಮ್ಮಡಿ ಊರಿಕೊಂಡೇ ಇದ್ದರೆ ಕಟ್ಟಿನೊಳಗೆ ಹುಣ್ಣಾಗುತ್ತದೆ, ಹೊರಗೆ ಕಾಣುವುದು ವಾಸನೆ ಬಂದ ಮೇಲೆಯೇ. ಪಿಒಪಿ (ಪ್ಲಾಸ್ಟರ್) ಕಟ್ಟು ಪೂರ್ತಿ ಒಣಗಲು 48 ಗಂಟೆಯವರೆಗೆ ಬೇಕು. ಅಷ್ಟರಲ್ಲಿ ಬೆರಳ ತುದಿಯಿಂದ ಹಿಡಿದೆತ್ತಿದರೆ ಕಟ್ಟು ತಗ್ಗಾಗಿ ಆ ತಗ್ಗು ಒಳಗಿನ ಚರ್ಮವನ್ನು ಒತ್ತುತ್ತದೆ. ಅಂಗೈ ಕೊಟ್ಟು ಎತ್ತಬೇಕು. ಕೆರೆತಕ್ಕೆ ಹಂಚಿಕಡ್ಡಿ, ಬಾಚಣಿಗೆ, ಸ್ಕೇಲು ತೂರಿಸಬೇಡಿ, ಪೌಡರ್ ಸುರಿಯಬೇಡಿ. ಹೇರ್ ಡ್ರೈಯರಿನ ತಣ್ಣನೆ ಗಾಳಿ ಊದಿದರೆ ಸಾಕು.

ಗ್ರೂಪಿಗೆ ದಿನಕ್ಕೆ ಒಂದೇ ಸಂದೇಶ, ಒಬ್ಬರೇ ಬರೆಯಲಿ. ಹೀಗಿದ್ದರೆ ಸಾಕು: ‘12ನೇ ದಿನ. ಬೆರಳು ಬೆಚ್ಚಗಿವೆ, ಐದೂ ಆಡುತ್ತವೆ. ನೋವು ಹತ್ತಕ್ಕೆ ಬೆಳಿಗ್ಗೆ 3, ರಾತ್ರಿ 4. ಮಾತ್ರೆ ಎರಡು ಹೊತ್ತು. ಜ್ವರ ಇಲ್ಲ. ಶುಗರ್ 142. ಕಾಲು ಊರುವಂತಿಲ್ಲ. ಶುಕ್ರವಾರ ಹೊಲಿಗೆ ಬಿಚ್ಚುತ್ತಾರೆ, 9 ಗಂಟೆಗೆ ಕಾರು ಬೇಕು.’ ಕೊನೆಯ ಸಾಲು ಮುಖ್ಯ. ದೂರದಲ್ಲಿರುವವರು ಮಾಡಬಹುದಾದ ಕೆಲಸ ಅಲ್ಲಿದೆ. ನೋವಿನ ಅಂಕಿ ಮೂರು ದಿನ ಏರುತ್ತಲೇ ಇದ್ದರೆ ಯಾರಿಗಾದರೂ ಕಣ್ಣಿಗೆ ಬೀಳುತ್ತದೆ, ‘ಆರಾಮಾಗಿದ್ದಾರೆ’ ಎಂದರೆ ಬೀಳುವುದಿಲ್ಲ. ರಾತ್ರಿ 8.30ಕ್ಕೆ ಕಳಿಸಿದರೆ ದುಬೈಯಲ್ಲಿ 7 ಗಂಟೆ. ಅಲ್ಲಿನ ಬೇಸಿಗೆಯ ತಿಂಗಳುಗಳಲ್ಲಿ ಲಂಡನ್ನಿನಲ್ಲಿ ಸಂಜೆ 4, ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 8. ಎಲ್ಲರೂ ಎಚ್ಚರವಿರುವ ಹೊತ್ತು. ಮಲಗಿದವರಿಗೂ ದಿನಕ್ಕೆ ಹತ್ತು ಸಲ ಅದೇ ಕಥೆ ಹೇಳುವ ಕಷ್ಟ ತಪ್ಪುತ್ತದೆ. ವೈದ್ಯರು ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದೆಂದು ಹೇಳಿದ್ದಾರೋ ಅದನ್ನು ಬರೆದು ವಾಟ್ಸ್‌ಆ್ಯಪ್ಪಿನಲ್ಲಿ 30 ದಿನಕ್ಕೆ ಪಿನ್ ಮಾಡಿ, ಮೇಲೆಯೇ ಇರುತ್ತದೆ. ಸಲಹೆಗಳ ಮಹಾಪೂರ ತಡೆಯಲು ಅಡ್ಮಿನ್ ಮಾತ್ರ ಬರೆಯುವಂತೆ ಗ್ರೂಪ್ ಬದಲಿಸಬಹುದು. ಅತ್ತೆ ಮಾವ ಬೇಸರ ಮಾಡಿಕೊಳ್ಳಬಹುದು, ಆದರೂ ಮಾಡಿ.

ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೋ ಲ್ಯಾಪ್‌ಟಾಪಿನ ಖಾಲಿ ಬಿಳಿ ಪರದೆಗೋ ಹಿಡಿದು, ದಿನಾಂಕವೂ ಎಡ-ಬಲದ ಗುರುತೂ ಕಾಣುವಂತೆ ತೆಗೆದು, ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಆ್ಯಪ್ ಚಿತ್ರವನ್ನು ಕುಗ್ಗಿಸುತ್ತದೆ, ಕೂದಲೆಳೆಯ ಬಿರುಕು ಮಾಯವಾಗುತ್ತದೆ. ಆಸ್ಪತ್ರೆಯವರು ಕೊಟ್ಟ ರೋಗಿಯ ನಂಬರು, ಫೋನು, ಬಿಲ್ಲು ಇರುವ ಹಾಳೆ ಇಡೀ ಬಳಗದ ಗ್ರೂಪಿಗೆ ಬೇಡ. ‘ಮನೆಯಲ್ಲಿ ಅಮ್ಮ ಒಬ್ಬರೇ, ಕಾಲು ಮುರಿದಿದೆ’ ಎಂಬ ಸ್ಟೇಟಸ್ಸೂ ಬೇಡ. ‘ಆಪರೇಶನ್‌ಗೆ ಅರ್ಜೆಂಟ್ ದುಡ್ಡು’ ಎಂದು ಪರಿಚಿತರ ಹೆಸರಿನಲ್ಲಿ ಸಂದೇಶ ಬಂದರೆ ಮೊದಲು ಕರೆ ಮಾಡಿ ಕೇಳಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ. ಆಪರೇಶನ್ ಮಾಡಿ ಮೂಳೆಗೆ ಹಾಕಿದ ಪ್ಲೇಟು, ಸ್ಕ್ರೂಗಳ ಡಬ್ಬಿಯ ಮೇಲಿನ ಸ್ಟಿಕ್ಕರ್ ಎಸೆಯಬೇಡಿ, ವಿಮೆಯವರು ಕೇಳುತ್ತಾರೆ.

ವಿಡಿಯೊ ಕರೆಯ ನಿಜವಾದ ಉಪಯೋಗ ಮುಖ ನೋಡುವುದಕ್ಕಿಂತ ನಡಿಗೆ ನೋಡುವುದರಲ್ಲಿದೆ. ಮೊಬೈಲನ್ನು ಮೊಣಕಾಲಿನ ಎತ್ತರಕ್ಕೆ, ಎರಡು ಮೀಟರ್ ದೂರದಲ್ಲಿ, ಪಕ್ಕದಿಂದ ಕಾಣುವಂತೆ ಇಟ್ಟು ವಾಕರ್ ಹಿಡಿದು ನಡೆಯಲು ಹೇಳಿ. ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಹಿಡಿಕೆ ಇರಬೇಕು, ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಬಗಲುಗೋಲಾದರೆ ಕಂಕುಳಿಗೂ ಕೋಲಿನ ಮೇಲ್ತುದಿಗೂ ನಡುವೆ ಎರಡು ಮೂರು ಬೆರಳ ಅಂತರ ಬೇಕು. ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳಲ್ಲಿ ಜೋತುಬಿದ್ದು ನಡೆದರೆ ನರ ಒತ್ತಿ ಮಣಿಕಟ್ಟು ಸೋಲುತ್ತದೆ. ವಯಸ್ಸಾದವರಿಗೆ ಬಗಲುಗೋಲಿಗಿಂತ ವಾಕರ್ ವಾಸಿ. ತುದಿಯ ರಬ್ಬರ್ ಬುಷ್ ಸವೆದಿದ್ದರೆ ರೆಡ್ ಆಕ್ಸೈಡ್ ನೆಲದಲ್ಲಿ ಜಾರುತ್ತದೆ, ಒದ್ದೆಯಾದರಂತೂ ಕೇಳಲೇಬೇಡಿ. ಹಳೆಯ ಮನೆಗಳ ಎತ್ತರದ ಹೊಸಿಲಿಗೆ ಬಣ್ಣದ ಟೇಪು ಅಂಟಿಸಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೋಲು, ಪೆಟ್ಟಾದ ಕಾಲು ಮೊದಲು. ಧೈರ್ಯ ಸಾಲದಿದ್ದರೆ ಮೆಟ್ಟಿಲ ಮೇಲೆ ಕೂತು ಒಂದೊಂದೇ ಜರುಗಿ, ನಾಚಿಕೆಪಡುವಂಥದ್ದೇನಿಲ್ಲ. ನೆಲಮಟ್ಟದ ಪಾಯಿಖಾನೆಯ ಮನೆಗೆ ಮಕ್ಕಳು ಹಣ್ಣಿನ ಬುಟ್ಟಿ ಕಳಿಸುವ ಬದಲು ಕಮೋಡ್ ಕುರ್ಚಿ ತರಿಸಿಕೊಡಲಿ.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ದಿನಕ್ಕೆ ಬೇಕಾದದ್ದು 1000ದಿಂದ 1200 ಮಿ.ಗ್ರಾಂ, ಜೊತೆಗೆ ಬೇಳೆ, ಮೊಟ್ಟೆ, ಹಾಲು, ಮೀನು ಇದ್ದರಾಯಿತು. ನಿಕೋಟಿನ್ ಮಾತ್ರ ಮೂಳೆ ಕೂಡುವುದನ್ನು ನಿಧಾನ ಮಾಡುತ್ತದೆ. ಬೀಡಿ ಬಿಟ್ಟು ಎಲೆಅಡಿಕೆಗೆ ಹೊಗೆಸೊಪ್ಪು ಹೆಚ್ಚಿಸಿದರೆ ಬಿಟ್ಟಂತಾಗಲಿಲ್ಲ.

ಸಾಮಾನ್ಯವಾಗಿ 6 ವಾರದ ಹೊತ್ತಿಗೆ ಕಟ್ಟು ಬಿಚ್ಚುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದಕ್ಕಿಂತ ಹೆಚ್ಚು ಕಾಲ ಇಡಬೇಕಾಗಬಹುದು. ಬಿಚ್ಚಿದ ದಿನ ಒಣಗಿ ಸಿಪ್ಪೆಯೇಳುವ ಚರ್ಮ, ಸಣಕಲಾದ ಮೀನಖಂಡ ನೋಡಿ ಗ್ರೂಪಿನಲ್ಲಿ ಮತ್ತೆ ಗಾಬರಿ ಏಳುತ್ತದೆ. ಎರಡೂ ಸಹಜ. ಉಗುರುಬೆಚ್ಚನೆ ನೀರಿನಲ್ಲಿ ತೊಳೆದು ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರಬಹುದು. ಬಲವಾಗಿ ನೀವುವುದು ಬೇರೆ ಮಾತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಇದ್ದರೆ ಅದು ಅಲ್ಲಿಂದ ಕದಲುವ ಅಪಾಯವಿದೆ. ಆಪರೇಶನ್ ಆದ ಕಾಲಿಗೆ ಮೇಲಿಂದ ನಾಟಿ ಕಟ್ಟು ಬಿಗಿಸುವುದಂತೂ ಸಲ್ಲದು.

ಭಾರ ಹಾಕುವುದನ್ನು ಅಂದಾಜಿನಿಂದ ಕಲಿಯಲಾಗದು. 60 ಕೆ.ಜಿ. ತೂಕದವರಿಗೆ ತೂಕದ ನಾಲ್ಕನೇ ಒಂದು ಭಾಗ ಹಾಕಿ ಎಂದರೆ ಅದು 15 ಕೆ.ಜಿ. ಆಗುತ್ತದೆ. ತೂಕದ ಯಂತ್ರದ ಮೇಲೆ ಆ ಪಾದ, ಅಷ್ಟೇ ಎತ್ತರದ ಹಲಗೆಯ ಮೇಲೆ ಇನ್ನೊಂದು ಪಾದ ಇಟ್ಟು, ಮುಳ್ಳು 15 ತೋರಿಸುವವರೆಗೆ ಒತ್ತಿ ಆ ಒತ್ತಡವನ್ನು ನೆನಪಿಟ್ಟುಕೊಳ್ಳಬೇಕು. ಕೀಲಿನ ಬಿಗಿ ಬಿಡಿಸಲು ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಸುವುದು ಹಳೆಯ ವ್ಯಾಯಾಮ. ನಮ್ಮ ದುಂಡು ಅಕ್ಷರಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ: ಅ ಇಂದ ಳ ವರೆಗೆ ಬರೆದರೆ ಕೀಲು ನಾಲ್ಕೂ ದಿಕ್ಕಿಗೆ ತಿರುಗಿರುತ್ತದೆ. ಪೂರ್ತಿ ಭಾರ ಹಾಕಲು ಒಪ್ಪಿಗೆ ಸಿಕ್ಕ ಮೇಲೆ ಭಾನುವಾರಕ್ಕೊಮ್ಮೆ ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮೊಣಕಾಲು ಗೋಡೆಗೆ ತಾಗಿಸಿ, ಹೆಬ್ಬೆರಳಿಂದ ಗೋಡೆಗೆ ಎಷ್ಟು ಸೆಂ.ಮೀ. ಎಂದು ಎರಡೂ ಕಾಲಿಗೆ ಅಳೆಯಿರಿ. ಗ್ರೂಪಿಗೆ ಕಳಿಸಲು ಇದಕ್ಕಿಂತ ಒಳ್ಳೆಯ ಸುದ್ದಿಯಿಲ್ಲ. ಎರಡು ಮೂರು ವಾರ ಅಂಕಿ ಕದಲದಿದ್ದರೆ ಫಿಸಿಯೋಥೆರಪಿಸ್ಟರಿಗೆ ತೋರಿಸಿ. ಸಂಜೆಯ ಊತ ಹಲವು ತಿಂಗಳು ಇರುತ್ತದೆ, ಕುಕ್ಕರುಗಾಲಲ್ಲಿ ಕೂರುವುದು ಎಲ್ಲಕ್ಕಿಂತ ತಡವಾಗಿ ಬರುತ್ತದೆ. ಬಲಗಾಲಿಗೆ ಆಪರೇಶನ್ ಆದವರು ಬ್ರೇಕನ್ನು ಮೊದಲಿನ ವೇಗದಲ್ಲಿ ತುಳಿಯಲು ಸುಮಾರು 9 ವಾರ ಬೇಕೆಂದು ಅಧ್ಯಯನಗಳಿವೆ. ಸ್ಕೂಟರಿಗೆ ಕಾಲಿನ ಬ್ರೇಕಿಲ್ಲದಿದ್ದರೂ ಸಿಗ್ನಲ್ಲಿನಲ್ಲಿ ಕಾಲೂರಲೇಬೇಕಲ್ಲ.

ಕೊನೆಯದಾಗಿ ಆಸ್ಪತ್ರೆಗಳಲ್ಲಿ ಒಂದು ಮನವಿ. ಡಿಸ್ಚಾರ್ಜ್ ಚೀಟಿಯ ಮೂಲೆಯಲ್ಲಿ ‘ಎನ್‌ಡಬ್ಲ್ಯೂಬಿ 6 ವಾರ’ (ಆರು ವಾರ ಆ ಕಾಲಿನ ಮೇಲೆ ಭಾರ ಹಾಕಬಾರದು) ಎಂದು ಗೀಚಿ ಕೊಟ್ಟರೆ ಅದನ್ನು ಓದಿ ಹೇಳುವವರು ಮನೆಯಲ್ಲಿ ಇರುವುದಿಲ್ಲ. ಕೆಲವರು ಆರು ವಾರ ಮಂಚ ಬಿಟ್ಟೇಳುವುದಿಲ್ಲ, ತೊಡೆ ಸೊರಗಿ ಬೆನ್ನಿಗೆ ಹುಣ್ಣಾಗುತ್ತದೆ. ಇನ್ನು ಕೆಲವರು ನೋವಿಲ್ಲವೆಂದು ಮೂರನೇ ವಾರವೇ ಕಾಲೂರಿ ಸ್ಕ್ರೂ ಸಡಿಲಿಸಿಕೊಳ್ಳುತ್ತಾರೆ. ‘ಈ ತಾರೀಖಿನವರೆಗೆ ಈ ಕಾಲನ್ನು ನೆಲಕ್ಕೆ ಊರಬೇಡಿ, ಬೆರಳು, ಮೊಣಕಾಲು, ತೊಡೆ ಆಡಿಸುತ್ತಿರಿ, ವಾಕರ್ ಹಿಡಿದು ಒಂಟಿ ಕಾಲಲ್ಲಿ ಓಡಾಡಿ’ ಎಂದು ಕನ್ನಡದಲ್ಲಿ ದಪ್ಪಕ್ಷರದ ಒಂದು ಸೀಲು ಮಾಡಿಸಿದರೆ ಕೆಲಸ ಮುಗಿಯಿತು. ಅದರ ಕೆಳಗೆ ರಾತ್ರಿ ಕರೆ ಮಾಡಿದರೆ ಎತ್ತುವಂಥ ಒಂದು ಫೋನ್ ನಂಬರೂ ಇರಲಿ.

ಇತಿ,
ಫಿಸಿಯೋಥೆರಪಿಸ್ಟರ ಒಂದು ಗುಂಪು, ಶಿವಮೊಗ್ಗ