ಅಣ್ಣನಿಗೂ, ನಿಮ್ಮೆಲ್ಲರಿಗೂ

ನಮ್ಮ ಶಾಲೆಯ ಹುಡುಗರಿಗೆ ಈಜು ರಿಲೇಯಲ್ಲಿ ಕಂಚು ಬಂದ ಮೇಲೆ ನನ್ನ ಫೋನ್ ಸುಮ್ಮನಿಲ್ಲ. ಒಬ್ಬೊಬ್ಬರಿಗೇ ಉತ್ತರ ಕೊಡೋದು ಕಷ್ಟ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈ ತಂಡ ಹುಟ್ಟಿದ್ದು ಹೇಗೆ ಅಂತ ನಿಮಗೆ ಗೊತ್ತಲ್ವಾ? ಪಿಟಿ ಪೀರಿಯಡ್‌ನಲ್ಲಿ ಕಬಡ್ಡಿಗೂ ಕ್ರಿಕೆಟ್‌ಗೂ ಯಾರೂ ಕರೆಯದ ನಾಲ್ವರು. ಒಬ್ಬ ದಪ್ಪ, ಒಬ್ಬನಿಗೆ ಮಾತು ತೊದಲುತ್ತೆ, ಒಬ್ಬ ಕೊಡಗಿನಿಂದ ಬಂದು ಯಾರ ಜೊತೆಗೂ ಸೇರದವನು, ಇನ್ನೊಬ್ಬನಿಗೆ ಎಲ್ಲರ ಜೊತೆಗೂ ಜಗಳ. ಒಬ್ಬೊಬ್ಬರು ಒಂದೊಂದು ಶೈಲಿಯಲ್ಲಿ ಈಜುವ ಮೆಡ್ಲೆ ರಿಲೇಗೆ ಬೇಕಾಗಿದ್ದೇ ಇಂಥವರು. ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ, ಫ್ರೀಸ್ಟೈಲ್, ನಾಲ್ವರದೂ ನಾಲ್ಕು ಥರ.

ರಜೆ ಕೊಟ್ಟ ಹೆಡ್ ಮೇಡಂ, ಗಾಗಲ್ಸ್ ಕೊಡಿಸಿದ ಹಳೇ ವಿದ್ಯಾರ್ಥಿಗಳು, ಬೆಳಗಿನ ಜಾವ ಸರಸ್ವತಿಪುರಂ ಈಜುಕೊಳಕ್ಕೆ ಮಕ್ಕಳನ್ನು ಬಿಟ್ಟು ಡಬ್ಬಿ ತುಂಬಾ ಮೊಟ್ಟೆ ಕಳಿಸಿದ ಅಪ್ಪ ಅಮ್ಮಂದಿರು, ಎಲ್ಲರಿಗೂ ಕೈಮುಗಿದೆ.

ಇನ್ನು ಆ ಈಜುಕೊಳದ ಲೈಫ್‌ಗಾರ್ಡ್ ಅಣ್ಣ.

ಮಂಗಳೂರಿನಲ್ಲಿ ನಡೆದ ವಿಭಾಗ ಮಟ್ಟದ ಸ್ಪರ್ಧೆಗೆ ಅವರು ರಜೆ ಹಾಕಿ, ಸ್ವಂತ ಖರ್ಚಲ್ಲಿ ಬಂದಿದ್ದರು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ತಿರುಗುವಾಗ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು. ನಮ್ಮ ತೊದಲುವ ಹುಡುಗ ಒಂದೇ ಕೈ ಮುಟ್ಟಿಸಿದ. ಇಡೀ ತಂಡ ಹೊರಗೆ.

ಅವತ್ತು ರಾತ್ರಿ ಅವನು ಊಟ ಬಿಟ್ಟು ಟೆರೇಸ್ ಹತ್ತಿದ. ನಾನು ಹುಡುಗಿಯರ ಜೊತೆ ಬೇರೆ ಕಟ್ಟಡದಲ್ಲಿದ್ದೆ. ಎರಡು ಗಂಟೆಗೆ ಅಣ್ಣ ಫೋನ್ ಮಾಡಿದರು: "ಮೇಡಂ, ನೀವು ಮಲಗಿ. ನಾನಿದ್ದೀನಿ." ನಿದ್ದೆ ಎಲ್ಲಿಂದ ಬರಬೇಕು? ಆ ವಯಸ್ಸಿನ ಮಗು, ಆ ಎತ್ತರ. ಏನೇನೋ ಯೋಚನೆ ಬಂತು. ಅದನ್ನು ಬರೆಯುವಾಗ ಈಗಲೂ ಕೈ ನಡುಗುತ್ತೆ.

ಸಮಾಧಾನದ ಮಾತು ಅಣ್ಣ ಒಂದೂ ಆಡಲಿಲ್ಲವಂತೆ. ಹುಡುಗನೇ ಆಮೇಲೆ ಹೇಳಿದ. ತುಂಬಾ ಹೊತ್ತು ಪಕ್ಕದಲ್ಲಿ ಸುಮ್ನೆ ಕೂತಿದ್ದು, ಕೊನೆಗೆ "ಎದ್ದೇಳು, ಟರ್ನ್ ತೋರ್ಸು" ಅಂದರಂತೆ. ಟೆರೇಸ್ ಗೋಡೆಗೆ ಎರಡೂ ಕೈ ಮುಟ್ಟಿಸಿ ತಿರುಗೋದು, ಮತ್ತೆ ಬರೋದು, ಮತ್ತೆ ಮುಟ್ಟಿಸೋದು. ಅವನಿಗೇ ನಗು ಬರೋವರೆಗೂ ಬಿಡಲಿಲ್ಲವಂತೆ. ಅಷ್ಟರಲ್ಲಿ ಉಳಿದ ಮೂವರೂ ಚಾದರ ಹೊದ್ದು ಮೇಲೆ ಬಂದಿದ್ದರು, ಜಗಳಗಂಟನೂ ಸೇರಿ.

ಮಾರನೇ ದಿನ ಫ್ರೀಸ್ಟೈಲ್ ರಿಲೇ. ಫ್ರೀಸ್ಟೈಲ್‌ಗೆ ಒಂದು ಕೈ ಸಾಕು. ನಮ್ಮವನು ಎರಡೂ ಕೈಲಿ ಮುಟ್ಟಿದ. ಆದರೂ ಮೂರನೇ ಸ್ಥಾನ!

ಅಣ್ಣ, ಬಸ್ ಚಾರ್ಜ್ ಇನ್ನೂ ನನ್ನ ಹತ್ತಿರವೇ ಇದೆ. ಸೋಮವಾರ ತರುತ್ತೇನೆ, ಬೇಡ ಅನ್ನಬೇಡಿ.